ಖಾಲಿ ಕೊಠಡಿಯ ಸೆಖೆ
ಶಾಲೆ ಕಟ್ಟಡಗಳಿಗೆ ಗಾಳಿ ಬೆಳಕಿನ ಸಲಹೆ ಕೊಡುವ ಈ ಇಂಜಿನಿಯರು ಯಾರ ಮನೆಗೆ ಹೋದರೂ ಕೂರುವ ಮೊದಲೇ ಫ್ಯಾನು ಆರಿಸುತ್ತಾರೆ. "ಕಿಟಕಿ ಇದೆಯಲ್ಲ, ಫ್ಯಾನ್ ಯಾಕ್ರೀ?" ಎನ್ನುವುದು ಅವರ ಬಾಯಿಪಾಠ. ಅವರು ಬರುತ್ತಾರೆಂದು ಗೊತ್ತಾದರೆ ನೆಂಟರು ಅರ್ಧ ಗಂಟೆ ಮೊದಲೇ ಬೆವರಲು ಶುರುಮಾಡುತ್ತಾರೆ. ಆದರೆ ಅವರಿಗೆ ಪ್ರಶಸ್ತಿ ತಂದುಕೊಟ್ಟ ಶಾಲೆಯ ಬೀದಿಗೆ ಮಾತ್ರ ಅವರು ಕಾಲಿಡುವುದಿಲ್ಲ. ಎಷ್ಟೇ ಅವಸರವಿದ್ದರೂ ಸುತ್ತು ಬಳಸಿ ಹೋಗುತ್ತಾರೆ. ಅಲ್ಲಿ ಫ್ಯಾನು ಬೇಡವೆಂದು ಬರೆದುಕೊಟ್ಟದ್ದು ರಜೆಯಲ್ಲಿ, ಖಾಲಿ ಕೊಠಡಿಯ ಸೆಖೆ ಅಳೆದು. ನಲವತ್ತು ಮಕ್ಕಳ ಮೈಬಿಸಿಯನ್ನು ಲೆಕ್ಕಕ್ಕೆ ಹಿಡಿಯಲು ಮರೆತೇಬಿಟ್ಟಿದ್ದರು. ಈಗ ಅವರ ಮಗಳು ಓದುವುದೂ ಅಲ್ಲೇ. ಸಂಜೆ ಬೆನ್ನಿಗಂಟಿದ ಅಂಗಿಯಲ್ಲಿ ಅವಳು ಮನೆಗೆ ಬಂದಾಗ ಅವರು ತಲೆ ತಗ್ಗಿಸಿ ಕೂತಿದ್ದರೆ, ಸಮಾಧಾನ ಹೇಳುವವಳೂ ಅವಳೇ: "ಅದು ನೀನು ಮಾಡಿದ್ದು ಅಂತ ನಾನು ಯಾರಿಗೂ ಹೇಳಿಲ್ಲ ಅಪ್ಪ."