ನಾಲ್ಕು ಬೆರಳಿನ ಸಂದು

ತ್ಯಾಲಿಂಗ್ ಬೋಟ್ಸ್ಮಾ ಹೋದ ಶನಿವಾರ ಬೆಳಿಗ್ಗೆ ಎಂಟೂವರೆಗೆ ತನ್ನ ಮನೆಯಂಗಳದ ಕುರ್ಚಿಯಲ್ಲಿ ತೀರಿಕೊಂಡ. ಎಪ್ಪತ್ತೊಂದು ವರ್ಷ. ಹೃದಯ ನಿಂತಿತು. ನಾನು ಒಳಗೆ ಹೋಗಿ ಕಾಫಿ ತರುವಷ್ಟರಲ್ಲಿ ಮುಗಿದಿತ್ತು.

ಫ್ರೀಸ್‌ಲ್ಯಾಂಡಿನ ಕಡಲಂಚಿನ ನಮ್ಮ ಈ ಊರಲ್ಲಿ ಅವನು ನಲವತ್ತು ವರ್ಷ ಗಾಡಿಗಳ ಸ್ಪ್ರಿಂಗ್ ಕೆಲಸ ಮಾಡಿದ. ಅಷ್ಟೇ ವರ್ಷ ನಾನು ಇಲ್ಲಿನ ಶಾಲೆಯಲ್ಲಿ ಪಾಠ ಹೇಳಿದೆ. ನಾನು ಓದಿದ ಪುಸ್ತಕದ ಕಥೆಯನ್ನೆಲ್ಲ ಕೇಳಿಸಿಕೊಂಡು ಕೊನೆಗೆ, "ಅದೆಲ್ಲ ಸರಿ, ಇದರಲ್ಲಿ ಭಾರ ಎಲ್ಲಿ ಕೂತಿದೆ ಹೇಳಿ ಮೇಷ್ಟ್ರೇ" ಅನ್ನುತ್ತಿದ್ದ. ಕಾದಂಬರಿಗೂ ಅದೇ ಪ್ರಶ್ನೆ, ಕಾರಿಗೂ ಅದೇ.

ಅವನ ಕೊನೆಯ ಮೂರು ದಿನ ಒಂದು ಕಾರಿನ ಹಿಂಭಾಗದ ಚಿಂತೆಯಲ್ಲೇ ಹೋದವು. ಮಗಳು ಸೀಟ್ಸ್ಕೆ, ಅಳಿಯ ರೂಲೊಫ್ ಇಬ್ಬರು ಮಕ್ಕಳನ್ನು ಕರೆದುಕೊಂಡು, ಮನೆಯ ಕಾರಿಗೆ ಮೊದಲ ಸಲ ಕ್ಯಾರವಾನ್ ಎಂಬ ಗಾಲಿಮನೆ ಕಟ್ಟಿ, ಶನಿವಾರ ಆಸ್ಟ್ರಿಯಾದ ಬೆಟ್ಟಗಳಿಗೆ ಹೊರಡುವವರಿದ್ದರು. ಗುರುವಾರ ಸಾಮಾನು ತುಂಬಿ ತಂದು ನಿಲ್ಲಿಸಿದಾಗ ಕಾರಿನ ಹಿಂಭಾಗ ಕುಸಿದು, ಮುಂದಿನ ದೀಪಗಳು ಆಕಾಶ ನೋಡುತ್ತಿದ್ದವು. ತ್ಯಾಲಿಂಗ್ ಹಿಂದಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸಿದ. ಎಲ್ಲರೂ ಕೂತ ಮೇಲೂ ಅಲ್ಲಿ ನಾಲ್ಕು ಬೆರಳು ಹಿಡಿಯಬೇಕು. ಅದು ಅವನ ಅಳತೆ. ಎರಡೇ ಹಿಡಿದವು.

"ಸ್ಪ್ರಿಂಗಿಗೆ ಆಸರೆ ಬೇಕು. ನಾಳೆ ಹಾಕ್ತೀನಿ."

"ಡಾಕ್ಟ್ರು ಏನಂದಿದ್ದಾರೆ ಅಪ್ಪಾ? ನೀನು ಬಗ್ಗೋ ಹಾಗಿಲ್ಲ," ಅಂದಳು ಸೀಟ್ಸ್ಕೆ.

"ಬಗ್ಗೋದು ಮೇಷ್ಟ್ರು. ನನ್ನದು ಬೈಯೋ ಕೆಲಸ ಮಾತ್ರ."

ಶುಕ್ರವಾರ ಬೆಳಿಗ್ಗೆ ನೋಡಿದರೆ, ಏನನ್ನೂ ಹಾಕದೆಯೇ ಕಾರು ಮಟ್ಟವಾಗಿ ನಿಂತಿತ್ತು. ರೂಲೊಫ್ ನಗುತ್ತಾ ಬಂದ.

"ನೋಡಿ ಮಾವ, ನಿಮ್ಮ ಸ್ಪ್ರಿಂಗೂ ಬೇಡ ಗಿಂಗೂ ಬೇಡ. ಸ್ವಲ್ಪ ತಲೆ ಓಡಿಸಿದೆ."

ಕ್ಯಾರವಾನಿನ ಮುಂಭಾಗದಲ್ಲಿದ್ದ ಡೇರೆ ಬಟ್ಟೆ, ಎರಡು ಮೂಟೆ ಆಲೂಗಡ್ಡೆ, ಎಲ್ಲವನ್ನೂ ಅವನು ಹಿಂದಿನ ಹಾಸಿಗೆಯ ಕೆಳಗೆ ಸಾಗಿಸಿದ್ದ.

"ಆಸ್ಟ್ರಿಯಾದಲ್ಲಿ ಆಲೂಗಡ್ಡೆ ಸಿಗಲ್ವೇನೋ?" ಅಂದೆ.

"ಸಿಗುತ್ತೆ ಮೇಷ್ಟ್ರೇ. ಆದ್ರೆ ಅದು ಅವರ ಆಲೂಗಡ್ಡೆ."

ತ್ಯಾಲಿಂಗ್ ನಗಲಿಲ್ಲ. ಬಚ್ಚಲುಮನೆಯ ತೂಕದ ಯಂತ್ರ ತರಿಸಿ, ಕ್ಯಾರವಾನ್ ಬಿಚ್ಚಿಸಿ, ಕಾರಿಗೆ ಕೊಂಡಿ ಹಾಕುವ ಅದರ ಮೂತಿಯ ಪುಟ್ಟ ಚಕ್ರವನ್ನು ಯಂತ್ರದ ಮೇಲೆ ಇಳಿಸಿದ. ಹದಿನೆಂಟು ಕಿಲೋ.

"ಎಪ್ಪತ್ತು ಇರಬೇಕಿತ್ತು. ಮೂತಿ ಹಗುರ ಆದ್ರೆ ಬಾಲ ಆಡುತ್ತೆ. ಬಾಲ ಕಾರನ್ನೇ ಆಡಿಸುತ್ತೆ."

"ಹಗುರ ಆದ್ರೆ ಕಾರಿಗೆ ಒಳ್ಳೇದಲ್ವಾ ಮಾವ? ನೀವು ಯಾವ ಸಲ ನಾನು ಮಾಡಿದ್ದು ಸರಿ ಅಂದಿದ್ದೀರಿ?"

ಸೀಟ್ಸ್ಕೆ ಅಪ್ಪನ ಮುಖ ನೋಡಿದಳು. ಈ ವರ್ಷವಾದರೂ ಹೊರಡುವ ಹೊತ್ತಿಗೆ ಜಗಳ ಬೇಡ ಎಂದು ಅವಳು ಮೊದಲೇ ಬೇಡಿಕೊಂಡಿದ್ದಳು. ತ್ಯಾಲಿಂಗ್ ದನಿ ತಗ್ಗಿಸಿದ.

"ಸರಿಯಪ್ಪ, ಒಂದು ಸುತ್ತು ಹೋಗಿ ಬರೋಣ. ಮಕ್ಕಳು ಬೇಡ. ಗಂಟೆಗೆ ಎಪ್ಪತ್ತರ ಮೇಲೆ ಓಡಿಸಬೇಡ."

ಸಮುದ್ರಕ್ಕೆ ಅಡ್ಡ ಕಟ್ಟಿದ ಉದ್ದನೆಯ ಏರಿಯ ಮೇಲೆ ನಾವು ಮೂವರೂ ಹೋದೆವು. ಬಲಗಡೆಯಿಂದ ಗಾಳಿ. ಎಪ್ಪತ್ತರಲ್ಲಿ ಏನೂ ಆಗಲಿಲ್ಲ. "ಕಂಡ್ರಾ?" ಎಂದು ರೂಲೊಫ್ ಎಂಬತ್ತೈದಕ್ಕೆ ಏರಿಸಿದ. ಅದೇ ಹೊತ್ತಿಗೆ ಒಂದು ಲಾರಿ ನಮ್ಮನ್ನು ದಾಟಿತು.

ಹಿಂದೆ ಕೂತಿದ್ದ ನನ್ನನ್ನು ಯಾರೋ ಪಕ್ಕಕ್ಕೆ ದಬ್ಬಿದಂತಾಯಿತು. ಎಡಗನ್ನಡಿಯಲ್ಲಿ ಕ್ಯಾರವಾನಿನ ಬಿಳಿ ಗೋಡೆ ಕಂಡಿತು. ಮರುಕ್ಷಣ ಬಲಗನ್ನಡಿಯಲ್ಲಿ. ಮತ್ತೆ ಎಡಕ್ಕೆ, ಇನ್ನೂ ಜೋರಾಗಿ. ಕಾರಿನ ಬೆನ್ನು ತಿರುಚಿಕೊಳ್ಳುತ್ತಿತ್ತು. ರೂಲೊಫ್ ಸ್ಟೇರಿಂಗನ್ನು ಅತ್ತಿತ್ತ ತಿರುಗಿಸತೊಡಗಿದ.

"ತಿರುಗಿಸಬೇಡ," ಅಂದ ತ್ಯಾಲಿಂಗ್. ಮಗುವಿಗೆ ಓದು ಹೇಳಿಕೊಡುವ ದನಿ. "ನೆಟ್ಟಗೆ ಹಿಡ್ಕೋ. ಬ್ರೇಕ್ ಮುಟ್ಟಬೇಡ. ಕಾಲು ತೆಗಿ, ಅಷ್ಟೇ. ಅದು ಆಡ್ಲಿ. ನೀನು ಆಡಬೇಡ."

ನಾನು ಏಳು ಹೊಯ್ದಾಟ ಎಣಿಸಿದೆ. ಎಂಟನೆಯದು ಸಣ್ಣದಾಯಿತು. ಒಂಬತ್ತನೆಯದಕ್ಕೆ ನಿಂತಿತು.

ಏರಿಯ ನಡುವಿನ ತಂಗುದಾಣದಲ್ಲಿ ಕಾರು ನಿಲ್ಲಿಸಿದ ಮೇಲೂ ರೂಲೊಫ್‌ನ ಕೈ ಸ್ಟೇರಿಂಗ್ ಬಿಡಲಿಲ್ಲ. ತ್ಯಾಲಿಂಗ್ ನಾಲಿಗೆ ಕೆಳಗೆ ಮಾತ್ರೆ ಇಟ್ಟುಕೊಂಡ. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು.

"ಮಾವ, ಆಸ್ಪತ್ರೆಗೆ ಹೋಗೋಣ."

"ಇದು ದಿನಾ ಇರೋದೇ. ಈ ಮಾತ್ರೆ ವಿಷಯ ಸೀಟ್ಸ್ಕೆಗೆ ಬೇಡ. ಮೊದಲು ಆ ಆಲೂಗಡ್ಡೆ ತೆಗ್ದು ಚಕ್ರದ ನೇರಕ್ಕೆ ತಾ. ನಿನ್ನ ಆಲೂಗಡ್ಡೆ!"

ಅರವತ್ತರಲ್ಲಿ ಮನೆಗೆ ಬಂದೆವು. ಮೂಟೆಗಳು ಚಕ್ರದ ಮೇಲೇ ಉಳಿದವು, ಡೇರೆ ಮತ್ತೆ ಮುಂದಕ್ಕೆ ಹೋಯಿತು. ತೂಕದ ಯಂತ್ರ ಎಪ್ಪತ್ತೊಂದು ತೋರಿಸಿತು. ಕಾರಿನ ಕೊಂಡಿಯ ಪಟ್ಟಿಯ ಮೇಲೆ ಬರೆದಿದ್ದ ಮಿತಿ ಎಪ್ಪತ್ತೈದು ಕಿಲೋ. ಕ್ಯಾರವಾನ್ ಕಟ್ಟಿದಾಗ ಕಾರು ಮತ್ತೆ ಕುಸಿಯಿತು. ಈ ಸಲ ಮೂರು ಬೆರಳು ಹಿಡಿದವು.

"ಈಗ ಸ್ಪ್ರಿಂಗಿನ ಮಾತು," ಅಂದ ತ್ಯಾಲಿಂಗ್.

ಶೆಡ್ಡಿನ ಮೇಜಿನ ಮೇಲೆ ಮೂರು ವಸ್ತುಗಳನ್ನಿಟ್ಟ: ದಪ್ಪ ಉಕ್ಕಿನ ಸ್ಪ್ರಿಂಗು, ರಬ್ಬರಿನ ಗಟ್ಟಿ, ಸ್ಪ್ರಿಂಗಿನೊಳಗೆ ಕೂರುವ ಗಾಳಿಚೀಲ.

"ಉಕ್ಕೇ ಗಟ್ಟಿ ಅಲ್ವಾ ಮಾವ?" ರೂಲೊಫ್ ಈಗ ನಿಜವಾಗಿಯೇ ಕೇಳುತ್ತಿದ್ದ.

"ಗಟ್ಟಿ. ಆದ್ರೆ ನೀನು ಕ್ಯಾರವಾನ್ ಎಳೆಯೋದು ವರ್ಷಕ್ಕೆ ಮೂರು ವಾರ. ಉಳಿದ ವರ್ಷ ಪೂರ್ತಿ ಆ ಗಟ್ಟಿತನ ಮಕ್ಕಳ ಬೆನ್ನಿಗೆ. ರಬ್ಬರು ಭಾರ ಬಿದ್ದಾಗ ಕಲ್ಲಾಗಿಬಿಡುತ್ತೆ. ಗಾಳಿ ಆದ್ರೆ ಬೇಕಾದಾಗ ತುಂಬು, ಬೇಡವಾದಾಗ ಬಿಡು." ಚೀಲವನ್ನು ಎತ್ತಿ ಅವನ ಕೈಗಿಟ್ಟ. "ಆದ್ರೆ ಇದು ಸುಳ್ಳೂ ಹೇಳುತ್ತೆ. ಮಿತಿ ಮೀರಿ ಹೇರಿದ್ರೂ ಕಾರನ್ನ ಎತ್ತಿ ನಿಲ್ಸಿ, ಎಲ್ಲ ಸರಿ ಇದೆ ಅನ್ನುತ್ತೆ. ಅದಕ್ಕೇ ಮೊದಲು ತೂಕ. ಆಮೇಲೆ ಗಾಳಿ."

ಮಧ್ಯಾಹ್ನವೆಲ್ಲ ನಾನೂ ರೂಲೊಫ್‌ನೂ ಕಾರಿನ ಕೆಳಗೆ. ಮುದುಡಿದ ಚೀಲವನ್ನು ಸ್ಪ್ರಿಂಗಿನ ಸುರುಳಿಗಳ ನಡುವೆ ತೂರಿಸಲು ನನ್ನ ಬೆರಳು ತರಚಿದವು. "ಅದು ಪುಸ್ತಕ ಅಲ್ಲ ಮೇಷ್ಟ್ರೇ, ನೋಡ್ತಾ ಕೂತ್ರೆ ಒಳಗೆ ಹೋಗಲ್ಲ," ಎಂದು ಮೇಲಿನಿಂದ ಬೈಗುಳ ಬರುತ್ತಲೇ ಇತ್ತು. ಇವತ್ತಿಗೂ ಆ ತರಚು ಮಾಗಿಲ್ಲ.

ಶನಿವಾರ ನಾನು ಫೋನ್ ಮಾಡಿದಾಗ ಅವರು ಒಂದು ಗಂಟೆಯ ದಾರಿ ಸಾಗಿದ್ದರು. ಅಳುತ್ತಿದ್ದ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಲಾರಿಗಳ ನಡುವೆ, ಕ್ಯಾರವಾನ್ ಸಮೇತ ರೂಲೊಫ್ ತಿರುಗಿ ಬಂದ. ಬಾಗಿಲಲ್ಲಿ ನನ್ನ ಕೈ ಹಿಡಿದು, "ಬಾಲ ಒಂದು ಸಲಾನೂ ಆಡಲಿಲ್ಲ ಮೇಷ್ಟ್ರೇ," ಅಂದ.

ಅವತ್ತು ಬೆಳಿಗ್ಗೆ ಅವರು ಹೊರಟಾಗ ಎಂಟು ಗಂಟೆ. ಮಕ್ಕಳು ಬೆಲ್ಟು ಕಟ್ಟಿ ಕೂತಿದ್ದರು. ತ್ಯಾಲಿಂಗ್ ಯಾರ ಮಾತೂ ಕೇಳದೆ ಹಿಂದಿನ ಚಕ್ರದ ಬಳಿ ಮಂಡಿಯೂರಿದ. ಸಂದಿನಲ್ಲಿ ಕೈ ಸಡಿಲವಾಗಿ ಆಡಿತು. ಚೀಲದಲ್ಲಿ ಗಾಳಿ ತುಸು ಹೆಚ್ಚಾಗಿತ್ತು. ಮುಚ್ಚಳ ತೆಗೆದು ಚೂರು ಗಾಳಿ ಬಿಟ್ಟ. ಬುಸ್ಸೆಂದಿತು. ಮತ್ತೆ ಕೈಯಿಟ್ಟ, ಮತ್ತೆ ಚೂರು ಬಿಟ್ಟ. ಆಚೆ ಬದಿಗೆ ಹೋಗಿ ಅಲ್ಲೂ ಹಾಗೆಯೇ ಮಾಡಿದ.

"ಸಾಕು ಏಳಪ್ಪಾ," ಸೀಟ್ಸ್ಕೆ ಕಿಟಕಿಯಿಂದ ಕೂಗಿದಳು.

ಅವನು ಮುಚ್ಚಳ ತಿರುಗಿಸಿ ಬಿಗಿ ಮಾಡಿದ, ಕ್ಯಾರವಾನಿನ ಗೋಡೆ ಹಿಡಿದುಕೊಂಡು ಎದ್ದ, ರಸ್ತೆಬದಿಗೆ ಸರಿದು ನಿಂತ. ಕಾರು ಹೊರಟಾಗ, ರೂಲೊಫ್‌ನ ಕನ್ನಡಿಗೆ ಕಾಣುವ ಹಾಗೆ ಕೈಯೆತ್ತಿ ನಾಲ್ಕು ಬೆರಳು ತೋರಿಸಿದ. ಅವರು ತಿರುವು ದಾಟುವವರೆಗೂ ಆ ಕೈ ಇಳಿಸಲಿಲ್ಲ.