ಅಷ್ಟು ದೂರದಿಂದ ನನ್ನನ್ನು ಯಾಕೆ ತಂದರು

ಮದುವೆಯಾಗಿ ಬಂದ ಹೊಸತು. ಬೆಳಿಗ್ಗೆ ಅಂಗಳಕ್ಕೆ ಬಂದರೆ ಗುರುತಿಲ್ಲದ ಗಂಡಸೊಬ್ಬ ಭುಜದವರೆಗೆ ಪ್ಲಾಸ್ಟಿಕ್ ಗವಸು ತೊಟ್ಟು ನಮ್ಮ ಹಸುವಿನೊಳಗೆ ಕೈ ಹಾಕಿ ನಿಂತಿದ್ದ. "ಎರಡು ಸಲ ಆಯ್ತು ಕಣ್ಲಾ, ಫಲ ನಿಲ್ನಿಲ್ಲ. ನಿನ್ ಸೆಮೆನ್ನೇ ಸರಿಯಿಲ್ಲ, ಬೇರೆದು ಹಾಕು" ಎಂದು ನನ್ನ ಗಂಡ ಮಂಜೇಗೌಡ, ಹಸುವಿಗೆ ಗಬ್ಬ ಕಟ್ಟಿಸಲು ಬಂದಿದ್ದ ಅವನಿಗೆ ಜೋರು ಮಾಡುತ್ತಿದ್ದ. ದಾರಿಯಲ್ಲಿ ಹೋಗುವವರೂ ನಿಂತು ಸಲಹೆ ಕೊಟ್ಟರು. ವಿಜಯಪುರದ ಕಡೆಯ ನಮ್ಮ ಮನೆಯಲ್ಲಿ ಆಡು ಬಿಟ್ಟರೆ ಬೇರೇನೂ ಸಾಕಿದವರಲ್ಲ. ನಾನು ನಾಚಿ ಒಳಗೆ ಓಡಿದೆ. "ಬುಡವ್ವ, ಇದುಕ್ಕೆಲ್ಲ ನಾಚ್ಕಂಡ್ರೆ ಆಯ್ತದಾ?" ಎಂದು ಅತ್ತೆ ನಕ್ಕರು.

ನಮ್ಮ ಕಡೆಯವರಿಗೆ ಹೇಳಬೇಕು: ಬುಡು ಅಂದರೆ ಬಿಡು. ನಾನು ಸೊಸೆಯಾಗಿ ಬಂದ ಈ ಬಿಂಡಿಗನವಿಲೆ ಸುತ್ತಮುತ್ತ ಈ ಒಂದೇ ಮಾತಿನಲ್ಲಿ ಸಮಾಧಾನವನ್ನೂ ಮಾಡುತ್ತಾರೆ, ಬೈಯಲೂ ಬೈಯುತ್ತಾರೆ. ತವರಲ್ಲಿ ರೊಟ್ಟಿ ಬಡಿಯುವ ಸಪ್ಪಳಕ್ಕೆ ಏಳುತ್ತಿದ್ದವಳು ಇಲ್ಲಿ ಹಾಲಿನ ಕ್ಯಾನಿನ ಸದ್ದಿಗೆ ಎದ್ದೆ. ರಾಗಿ ಮುದ್ದೆಯನ್ನು ಅಗಿಯದೆ ನುಂಗಬೇಕಂತೆ. ನಾನು ಅಗಿದು ಅಗಿದು ದವಡೆ ನೋಯಿಸಿಕೊಂಡೆ. ಕಡೆಗೊಂದು ದಿನ ಗಂಟಿಲ್ಲದ ಮುದ್ದೆ ಕಟ್ಟಿದಾಗ ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಆವತ್ತು ನಾನೂ ಇಲ್ಲಿಯವಳಾದೆ ಅಂದುಕೊಂಡೆ, ಹುಚ್ಚಿ!

ಆರು ವರ್ಷ ಬಸಿರಾಗಲಿಲ್ಲ. ಹಸು ಎರಡು ಸಲ ನಿಲ್ಲದಿದ್ದರೆ ಡಾಕ್ಟರನ್ನು ಕರೆಸುವ ಮನೆಯವರು ನನ್ನನ್ನು ದೇವರಿಂದ ದೇವರಿಗೆ ಅಲೆಸಿದರು. ಶ್ರೀರಂಗಪಟ್ಟಣದಲ್ಲಿ ಹೊಳೆಗಿಳಿಸಿ ನಾಗರಕಲ್ಲು ಹಾಕಿಸಿದರು. ಉಪವಾಸ ಇರಿಸಿ ಕರಿಘಟ್ಟ ಹತ್ತಿಸಿದರು. ಪಾಂಡವಪುರದ ಕಡೆ ಯಾರೋ ಕೊಟ್ಟ ಬೇರನ್ನು ಅತ್ತೆ ಅರೆದುಕೊಟ್ಟರು, ಕುಡಿದು ವಾರವೆಲ್ಲ ವಾಂತಿ ಮಾಡಿದೆ. ಓರಗಿತ್ತಿಗೆ ಮಡಿಲು ತುಂಬುವ ದಿನ ಅತ್ತೆ ಮೆಲ್ಲಗೆ ಬಂದು, "ನೀನು ಒಲೆ ತಾವೇ ಇರವ್ವ" ಅಂದರು. ಇದ್ದೆ. ಹೊಗೆ ನೆಪವಾಯಿತು, ಚೆನ್ನಾಗಿ ಅತ್ತುಬಿಟ್ಟೆ.

ಕೊನೆಗೆ ನಾನೇ ಬಸ್ಸು ಹತ್ತಿ ಕೃಷ್ಣರಾಜಪೇಟೆಯ ಡಾಕ್ಟರಮ್ಮನ ಹತ್ತಿರ ಹೋದೆ. ಆಕೆ ಮೊದಲು ಕೇಳಿದ್ದೇ, "ಒಬ್ಬಳೇ ಬಂದೆಯಲ್ಲ, ನಿನ್ನ ಗಂಡ ಎಲ್ಲಿ?" ಆಮೇಲೆ ಚೆನ್ನಾಗಿ ಬೈದರು. ಒಟ್ಟಿಗಿದ್ದು ಒಂದು ವರ್ಷವಾದರೂ ಬಸಿರಾಗದಿದ್ದರೆ ಗಂಡ ಹೆಂಡತಿ ಇಬ್ಬರೂ ಬರಬೇಕಂತೆ. ಹೆಂಗಸಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಿಗೇ. ಮುಟ್ಟು ಏರುಪೇರಾಗುತ್ತಿದ್ದರೆ, ತಡೆಯಲಾರದ ಹೊಟ್ಟೆನೋವಿದ್ದರೆ ಅಷ್ಟೂ ಕಾಯಬಾರದು. "ತೊಂದರೆ ಗಂಡಸಿನಲ್ಲೂ ಇರುತ್ತಮ್ಮ. ಅವರ ಪರೀಕ್ಷೆ ನಿನ್ನದಕ್ಕಿಂತ ಸುಲಭ. ನೀನು ಯಾಕೆ ಬೇರು ಕುಡಿದೆ?" ಅಂದರು.

ಗಂಡನನ್ನು ಹೊರಡಿಸುವುದು ಸುಲಭವಾಗಲಿಲ್ಲ. ಅಂಗಳದಲ್ಲಿ ನಿಂತು ಸೆಮೆನ್ ಅಂತ ಕೂಗುವ ಮನುಷ್ಯ, ತನ್ನದನ್ನು ಪರೀಕ್ಷೆಗೆ ಕೊಡಬೇಕು ಅಂದಾಗ ಮೂರು ದಿನ ಮಾತು ಬಿಟ್ಟ. ಹೇಗೋ ಬಂದ. ಡಾಕ್ಟರಮ್ಮ ರಿಪೋರ್ಟು ನೋಡಿ, ವೀರ್ಯಾಣುಗಳ ಎಣಿಕೆ ಬಹಳ ಕಡಿಮೆ ಇದೆ, ಪೂರಾ ಇಲ್ಲವೆಂದಲ್ಲ, ಮೈಸೂರಿನ ದೊಡ್ಡ ಆಸ್ಪತ್ರೆಗೆ ಹೋದರೆ ದಾರಿ ಇದೆ ಎಂದರು. "ಮೀಸೆ ಬರುವ ವಯಸ್ಸಿನಲ್ಲಿ ಕೆನ್ನೆ ಊದಿ ಜ್ವರ ಬಂದಿತ್ತಾ? ಕೆಳಗೂ ಊದಿತ್ತಾ?" ಎಂದು ಕೇಳಿದರು. ಆತ ನೆಲ ನೋಡಿದ. ನಾನು ಅವನ ಮುಖ ನೋಡಿದೆ.

ಮನೆಯಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ಎದುರು ನಿಂತು, ಇವರಿಗೆ ಆ ಕೆನ್ನೆ ಊದುವ ಜ್ವರ ಬಂದಿತ್ತಾ ಎಂದು ಕೇಳಿದೆ. ಅವರು ಕೈ ನಿಲ್ಲಿಸಲಿಲ್ಲ. "ಬಂದಿತ್ತು ಕಣವ್ವ, ಕೆಪ್ಪಟರಾಯ. ಮುಂದೆ ಮಕ್ಕಳು ಕಷ್ಟ ಅಂತ ಡಾಕ್ಟ್ರು ಆಗ್ಲೇ ಅಂದಿದ್ರು. ಹೆಣ್ಣು ಕೇಳಕ್ಕೋದ ನೆಂಟ್ರಿಗೆಲ್ಲ ಗೊತ್ತಾಗಿ ಯಾರೂ ಕೊಡ್ನಿಲ್ಲ. ಇನ್ನೇನು ಮಾಡವಾ? ಅದ್ಕೇ ಅಷ್ಟು ದೂರದಿಂದ ನಿನ್ನ ತಂದಿದ್ದು."

ಅಯ್ಯೋ ದೇವರೇ! ರೈತರ ಮಕ್ಕಳಿಗೆ ಇಲ್ಲಿ ಹೆಣ್ಣು ಸಿಗುವುದಿಲ್ಲ, ಅದಕ್ಕೇ ನಮ್ಮ ಕಡೆ ಬಂದರು ಎಂದು ಇಷ್ಟು ವರ್ಷ ನಂಬಿದ್ದೆ. ಬೇರು ಅರೆದುಕೊಟ್ಟ ಕೈಗೂ ಗೊತ್ತಿತ್ತು, ಒಲೆ ತಾವೇ ಇರು ಅಂದ ಬಾಯಿಗೂ ಗೊತ್ತಿತ್ತು. ಮಂಜೇಗೌಡ ಬಾಗಿಲಲ್ಲೇ ನಿಂತು, "ಯೋಳುದ್ರೆ ನೀನು ಬುಟ್ಟೋಗ್ಬುಡ್ತೀಯ ಅಂತ ಎದರ್ಕೆ ಆಯ್ತು ಕಣೆ" ಅಂದ. "ಊರೆಲ್ಲ ನನ್ನನ್ನು ಬಂಜೆ ಅನ್ನುವಾಗ ಹೆದರಿಕೆ ಆಗಲಿಲ್ವಾ?" ಎಂದು ಕಿರುಚಿದೆ.

ನನ್ನವರು ಅಂತ ಅವ್ವ ಒಬ್ಬಳಿದ್ದಾಳಲ್ಲ ಎಂದು ಅಲ್ಲೇ ಫೋನು ಮಾಡಿದೆ. ಅಳುತ್ತಳುತ್ತ ಎಲ್ಲ ಹೇಳಿದೆ.

"ಅವ್ವಾ, ಕೇಳಾಕತ್ತಿಯೇನ?"

"ಕೇಳೀನಿ ಯವ್ವಾ. ನಿನ್ನ ಅತ್ತಿ ಮನಿಯವ್ರು ಮದವಿಗೆ ಮೊದಲ ಹೇಳಿದ್ರು. ಔಷಧ ತಗೊಂಡ್ರ ಸರಿ ಆಗ್ತೈತಿ ಅಂದ್ರು. ನಿನ್ನ ಬೆನ್ನಿಗೆ ಇನ್ನಿಬ್ರು ತಂಗ್ಯಾರಿದ್ರು. ಹೊಲ, ಮನಿ, ಹೈನ ಎಲ್ಲಾ ಇತ್ತು. ಹೂಂ ಅಂದ್ವಿ."

ಈ ಮನೆ ನನ್ನದಲ್ಲ ಅನ್ನುವುದು ಆಗತಾನೆ ತಿಳಿದಿತ್ತು, ಆ ಮನೆಯೂ ಅಲ್ಲ ಅನ್ನುವುದು ಈಗ ತಿಳಿಯಿತು. ಮೈಸೂರಿಗೆ ಮಾತ್ರ ಹೋಗೇ ಹೋಗುತ್ತೇನೆ, ಕೂಸು ನನಗೆ ಬೇಕು ಎಂದು ಅವ್ವನಿಗೆ ಅಂದೆ.

ಅವ್ವನಿಗೆ ಜೀವ ಬಂದಂತಾಯಿತು. "ಹೋಗವ್ವಾ. ಚೊಚ್ಚಲ ಹೆರಿಗಿಗೆ ತವರಿಗೇ ಬಾ, ಬಾಣಂತನ ನಾ ಮಾಡ್ತೀನಿ." ಫೋನಿನ ಜೋರು ದನಿ ಕೇಳಿಸಿ ಅತ್ತೆ ಕೂತಲ್ಲಿಂದಲೇ, "ಅಷ್ಟು ದೂರ ಯಾಕೆ? ನಾನಿಲ್ವಾ?" ಅಂದರು.

"ನಿಮ್ಮಿಬ್ರ ಮನೀನೂ ಬ್ಯಾಡ" ಅಂದೆ.

"ಮತ್ತ ಎಲ್ಲಿ ಹಡೀತಿ?" ಅಂದಳು ಅವ್ವ.

"ಆ ಡಾಕ್ಟರಮ್ಮನ ದವಾಖಾನ್ಯಾಗ. ನನಗ ಖರೆ ಹೇಳಿದಾಕಿ ಅಲ್ಲೊಬ್ಬಾಕಿನ ಅದಾಳ."