ಬೆಣ್ಣೆಹಣ್ಣಿನ ಗಿಡದ ಕುಡಿ

ಮದುವೆಯಾಗಿ ಲಗ್ಗೆರೆಗೆ ಬಂದ ವರ್ಷ, ನನ್ನ ಗಂಡ ಪೀಣ್ಯದ ಕಾರ್ಖಾನೆಯಿಂದ ಬರುವಾಗ ಒಂದು ಬೆಣ್ಣೆಹಣ್ಣು ತಂದರು. ಜೊತೆಗೆ ಕೆಲಸ ಮಾಡುವವರೊಬ್ಬರು ಊರಿಂದ ತಂದು ಹಂಚಿದ್ದಂತೆ. ಉಪ್ಪು ಹಾಕಿ ತಿಂದೆವು, ಸಕ್ಕರೆ ಹಾಕಿ ತಿಂದೆವು, ಎರಡೂ ರುಚಿಸಲಿಲ್ಲ. ಒಳಗಿನ ಬೀಜ ಮಾತ್ರ ನನಗೆ ಹಿಡಿಸಿತು. ನುಣ್ಣಗೆ, ಅಂಗೈ ತುಂಬುವಂತಿತ್ತು. ಎಸೆಯಲು ಮನಸ್ಸಾಗದೆ ಅದಕ್ಕೆ ಕಡ್ಡಿ ಚುಚ್ಚಿ ನೀರಿನ ಲೋಟದ ಮೇಲೆ ಕೂರಿಸಿದೆ.

ಬಹಳ ದಿನ ಅದು ಕಲ್ಲಿನ ಹಾಗೆ ಕೂತಿತ್ತು. ಇನ್ನು ಬಿಸಾಡೋಣ ಅಂದುಕೊಳ್ಳುವಾಗ ಬೀಜ ಸೀಳಿ ಬೇರು ಇಳಿಯಿತು, ಆಮೇಲೆ ಕುಡಿ ಬಂತು. ಹಳೆಯ ಎಣ್ಣೆ ಡಬ್ಬದ ತಳಕ್ಕೆ ತೂತು ಹೊಡೆದು, ಮಣ್ಣು ತುಂಬಿ ನೆಟ್ಟೆ. ಹೊರಗಿಡುವ ಹಾಗಿರಲಿಲ್ಲ. ನಮ್ಮ ಓಣಿಯ ಮೇಕೆಗಳು ಒಣಗಲು ಹಾಕಿದ ಸೀರೆಯ ಸೆರಗನ್ನೂ ಬಿಡುತ್ತಿರಲಿಲ್ಲ. ಮನೆಗಿದ್ದ ಒಂದೇ ಕಿಟಕಿ ಗಿಡದ ಪಾಲಾಯಿತು.

ಅಷ್ಟರಲ್ಲಿ ಜಿಗಣಿ ಕಡೆಯ ಹಳ್ಳಿಯಿಂದ ಅತ್ತೆ ನಮ್ಮ ಜೊತೆ ಇರಲು ಬಂದರು.

"ಮನುಸ್ರಿಗೇ ಕಾಲು ಚಾಚಕ್ಕೆ ಜಾಗ ಇಲ್ಲ, ಮನೆಯೊಳ್ಗೆ ಮರ ಬೆಳಸ್ತಾ ಇದ್ದೀಯಲ್ಲವ್ವ!" ಎಂದು ನಕ್ಕರು.

ಬೇಸಿಗೆಯಲ್ಲಿ ಶೀಟಿನ ಮಾಡು ಕಾದು ಎಲೆಗಳು ಜೋತುಬಿದ್ದವು. ಡಬ್ಬಕ್ಕೆ ಒದ್ದೆ ಗೋಣಿಚೀಲ ಸುತ್ತಿದೆ. ಮಳೆಗಾಲದಲ್ಲಿ ಅದೇ ಅಭ್ಯಾಸದಲ್ಲಿ ನೀರು ಹಾಕಿ ಹಾಕಿ ಎಲೆ ಹಳದಿಯಾಯಿತು. ಮಣ್ಣು ಮುಟ್ಟಿ ನೋಡಿ ಹಾಕುವುದನ್ನು ಕಲಿತೆ. ಚಳಿಗಾಲದಲ್ಲಿ ಹಿಟ್ಟಿನಂಥ ಧೂಳು ಬಂದು ಕೂರುತ್ತಿತ್ತು. ಗಂಡನ ಹಳೆಯ ಬನಿಯನ್ನಿನಿಂದ ಒಂದೊಂದೇ ಎಲೆ ಒರೆಸುತ್ತಿದ್ದೆ. ಗಿಡ ಒಂಟಿ ಕಾಲಲ್ಲಿ ನಿಂತ ಕೊಕ್ಕರೆಯಂತೆ ಸೂರಿನ ಕಡೆಗೇ ಏರುತ್ತಿತ್ತು. ಆ ಎತ್ತರ ನೋಡಿ ನನಗೆ ಭಾರೀ ಹೆಮ್ಮೆ.

ಸಂಕ್ರಾಂತಿಗೆ ತವರಿಗೆ ಹೋಗಿ ಬಂದು ನೋಡಿದರೆ ಗಿಡದ ತಲೆಯೇ ಇಲ್ಲ.

"ಯಾರು ಮುರಿದದ್ದು?"

"ನಾನೇ ಕಣವ್ವ, ಚಿವುಟ್ದೆ," ಎಂದರು ಅತ್ತೆ. "ಉದ್ದಕ್ಕೇ ಓಗ್ತಿತ್ತು. ಕವಲೊಡೀಲಿ ಅಂತ ಚೆಂಡುಹೂವಿನ ಗಿಡಕ್ಕೆ ಇಂಗೇ ಮಾಡ್ತೀವಿ."

"ಇದೇನು ಚೆಂಡುಹೂವಾ?" ಅಂದವಳು ಅಡುಗೆಮನೆಗೆ ಹೋಗಿಬಿಟ್ಟೆ. ಆಮೇಲೆ ಅವರೊಂದಿಗೆ ಊಟಕ್ಕೆ ಕರೆಯುವಷ್ಟು ಮಾತ್ರ ಮಾತು.

ಒಂದು ಸಂಜೆ ಗಂಡ ಮೆಲ್ಲಗೆ ಹೇಳಿದರು: "ಅವ್ವ ಬೆಳಿಗ್ಗೆ ಎದ್ದು ಮುಖ ತೊಳೆಯೋಕ್ ಮುಂಚೆ ಗಿಡ ನೋಡ್ತಾರೆ ಕಣೆ. ಅದು ಒಣಗಿಹೋದ್ರೆ ನಿನ್ಗೇನು ಹೇಳೋದು ಅಂತ ನನ್ನನ್ನ ಕೇಳ್ತಿದ್ರು."

ನನಗೆ ಹೇಗೋ ಆಯಿತು. ಮರುದಿನ ಕಾಫಿ ತಂದು ಅತ್ತೆಯ ಪಕ್ಕದಲ್ಲೇ ಕೂತೆ. ಇಬ್ಬರೂ ಗಿಡ ನೋಡುತ್ತಾ ಕುಡಿದೆವು. ಅಂದಿನಿಂದ ಎಲೆ ಒರೆಸುವ ಕೆಲಸ ಅವರು ತಾವೇ ತೆಗೆದುಕೊಂಡರು.

ಯುಗಾದಿಯ ಹೊತ್ತಿಗೆ ಅವರು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು: "ಬಾರವ್ವ ಇಲ್ಲಿ! ಎರಡು ಕಡೆ ಒಡದೈತೆ!" ಚಿವುಟಿದ ಜಾಗದ ಕೆಳಗೆ ಎರಡು ಕೆಂಪು ಚಿಗುರುಗಳಿದ್ದವು.

ಆ ಗಿಡ ಒಂದು ಹೂವನ್ನೂ ಬಿಡಲಿಲ್ಲ. ಆದರೂ ನಾವು ಆ ಮನೆ ಬಿಟ್ಟು ಕಾರ್ಖಾನೆಯವರು ಕೊಟ್ಟ ಕ್ವಾರ್ಟರ್ಸ್‌ಗೆ ಹೋಗುವಾಗ ಬಿಟ್ಟುಹೋಗುವ ಮಾತೇ ಬರಲಿಲ್ಲ.

"ಮುಂದೆ ಕೂತ್ಕೊಳ್ಳವ್ವ," ಎಂದು ಗಂಡ ಕರೆಯುವಷ್ಟರಲ್ಲಿ ಅತ್ತೆ ಟೆಂಪೋದ ಹಿಂಬದಿಗೆ ಹತ್ತಿ ಡಬ್ಬವನ್ನು ತಬ್ಬಿ ಕೂತಿದ್ದರು.

"ನೀವಿಬ್ರೂ ಮುಂದೆ ಕೂತ್ಕಳಿ. ಇದು ವಾಲಾಡಿದ್ರೆ ಇಡ್ಕಳೋರು ಯಾರು?"

ಟೆಂಪೋ ಹೊರಟದ್ದೇ ಎಲೆಗಳು ಅವರ ಮುಖಕ್ಕೆ ಬಡಿಯತೊಡಗಿದವು. ಗಾಡಿ ನಿಲ್ಲಿಸಲು ಹೇಳಿ ನಾನೂ ಇಳಿದುಹೋಗಿ ಹಿಂದೆ ಹತ್ತಿದೆ.